ಪನೀರಿಗೆ ಇಪ್ಪತ್ತೆಂಟು ದಿನ ನೀರು

ಹೋದ ವರ್ಷ ಡಿಸೆಂಬರ್. ಹೊಸಪೇಟೆ ಬಸ್ ನಿಲ್ದಾಣದ ಹತ್ತಿರ ನಮ್ಮ ಮಾವನ ಬೈಂಡಿಂಗ್ ಅಂಗಡಿಯಲ್ಲಿ ನಾನು ಮುಖ್ಯ ಕತ್ತರಿಗಾರ. ಆ ಹುದ್ದೆ ನಾನೇ ಸೃಷ್ಟಿಸಿಕೊಂಡದ್ದು. ವಯಸ್ಸು ಹದಿನೇಳು, ಸೇವಾನುಭವ ನಾಲ್ಕು ತಿಂಗಳು. ಬಸ್ಸಿನಲ್ಲಿ ಓಡಾಡುವ ಕಾಲೇಜಿನವರು ಇಟ್ಟಿಗೆಯಂಥ ಪಠ್ಯಪುಸ್ತಕ ತರುತ್ತಾರೆ. ನಾವು ಬೆನ್ನು ಬಿಚ್ಚಿ, ಎರಡು ಭಾಗ ಮಾಡಿ, ಬೇರೆ ಬೇರೆ ರಟ್ಟು ಹಾಕಿಕೊಡುತ್ತೇವೆ. ಬಸ್ಸಿನಲ್ಲಿ ನಿಂತವರೂ ಒಂದೇ ಕೈಯಲ್ಲಿ ಹಿಡಿದು ಓದಬಹುದು.

ಆ ದಿನ ಎರಡು ಪುಸ್ತಕ ಬಂದವು. ಸಂಡೂರಿನ ನಾಗವೇಣಿ ಅಕ್ಕನದು ಆಹಾರ ವಿಜ್ಞಾನ, ಕಂಪ್ಲಿಯ ಎರ್ರಿಸ್ವಾಮಿ ಅಣ್ಣನದು ಸಿವಿಲ್ ಎಂಜಿನಿಯರಿಂಗ್. ಇಬ್ಬರೂ ನೋಡುತ್ತ ನಿಂತಿದ್ದರು. ಅಷ್ಟು ಸಾಕಿತ್ತು ನನಗೆ. ಪುಟ ನೋಡದೆ, ಬರೀ ದಪ್ಪ ಅಳೆದು ನಡುವೆ ಸೀಳಿದೆ. ಎಲ್ಲಕ್ಕೂ ಒಂದೇ ನೀಲಿ ರಟ್ಟು. ಹನ್ನೊಂದೇ ನಿಮಿಷ, ಅಂಟು ಕೂಡ ನನಗೆ ಹೆದರಿ ಬೇಗ ಒಣಗಿತು.

ಮರುದಿನ ಮಧ್ಯಾಹ್ನ ಕಾಲೇಜಿನಿಂದ ಅಕ್ಕನ ಫೋನು.

"ತಮ್ಮಾ, ಮೊದಲ್ನೇ ಭಾಗದ ಕೊನಿಗೆ 'ಪನೀರನ್ನು ಭಾರದ ಕೆಳಗಿಟ್ಟ ನಂತರ' ಅಂತ ಐತಿ. ಎರಡ್ನೇದು ತೆಗದ್ರ 'ಇಪ್ಪತ್ತೆಂಟು ದಿನ ನೀರುಣಿಸಬೇಕು' ಅಂತ ಐತಿ. ನಾ ಪನೀರ್ ಮಾಡ್ಲೋ, ಕಾಂಕ್ರೀಟ್ ಮಾಳಿಗಿ ಹಾಕ್ಲೋ? ನಾಳೆ ಹತ್ತಕ್ಕ ಪರೀಕ್ಷೆ. ಐದರ ಸಂಡೂರು ಬಸ್ ಹೊರಡೋದ್ರಾಗ ನನ್ನ ಪುಸ್ತಕ ನನ್ನ ಕೈಯಾಗ ಇರಬೇಕು."

ಎರಡನೇ ಭಾಗಗಳು ಅದಲುಬದಲಾಗಿದ್ದವು. ಮಾವ ನನ್ನ ಮುಖ ನೋಡಿಯೇ ತಿಳಿದುಕೊಂಡ. "ಲೇ ಮಲ್ಯಾ, ಕಂಪ್ಲಿ ಬಸ್ ನಿಂತೈತಿ. ಜಲ್ದಿ ಹತ್ತು."

ಆ ಬಸ್ಸನ್ನು ಒಂದೇ ಎಮ್ಮೆ ಎರಡು ಸಲ ಹಿಂದೆ ಹಾಕಿತು.

ಕಂಪ್ಲಿಯಲ್ಲಿ ಎರ್ರಿಸ್ವಾಮಿ ಅಣ್ಣ ಮನೆ ಕಟ್ಟೆಯ ಮೇಲೆ ಕೂತು ಅಕ್ಕನ ಎರಡನೇ ಭಾಗವನ್ನೇ ಓದುತ್ತಿದ್ದ. ಮೂರು ಅಧ್ಯಾಯಕ್ಕೆ ಕೆಂಪು ಗೆರೆ ಬೇರೆ ಎಳೆದಿದ್ದ.

"ಅಣ್ಣ, ಇದರಾಗ ಉಪ್ಪಿನಕಾಯಿ ಐತಲ್ಲ, ಅನುಮಾನ ಬರಲಿಲ್ಲೇನು?"

"ಸಿಲಬಸ್ ಬದಲಾಗೈತಿ ಅಂದಿದ್ರಲೇ. ಇಷ್ಟು ಬದಲಾಗೈತೇನೋ ಅನ್ಕಂಡೆ."

ಪುಸ್ತಕ ಕಸಿದುಕೊಂಡು ಓಡಿದೆ. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದು ಕಥೆ ಕಟ್ಟಿದೆ: ಮಾವನಿಗೆ ಕಣ್ಣು ಮಂಜು, ಪಾಪ. ಐದಕ್ಕೆ ನಾಲ್ಕು ನಿಮಿಷ ಇರುವಾಗ ಹೊಸಪೇಟೆ. ಸಂಡೂರು ಬಸ್ಸಿನ ಕಿಟಕಿಯಿಂದ ಅಕ್ಕ ಸಿವಿಲ್ ಭಾಗ ಕೊಟ್ಟು, ತನ್ನದಕ್ಕೆ ಕೈ ಚಾಚಿದಳು.

"ತಪ್ಪು ಯಾರದು?"

ಕಥೆ ನಾಲಿಗೆ ತುದಿಗೆ ಬಂದಿತ್ತು. ಅವಳ ಕಣ್ಣು ಅತ್ತು ಕೆಂಪಾಗಿದ್ದವು.

"ನಂದ್ರೀ ಅಕ್ಕ. ನಿಮ್ಮ ಮುಂದ ದೌಲತ್ತು ತೋರ್ಸಾಕ ಹೋಗಿದ್ದೆ."

ಅವಳು ಪುಟ ತಿರುವಿದಳು. "ಈ ಗೆರಿ ಯಾರು ಎಳದಿದ್ದು?"

"ಸಿವಿಲ್ ಅಣ್ಣಾರ್ರಿ."

"ಭಾಳ ಚಲೋ ಎಳದಾರ. ಅರ್ಧ ಕೆಲಸ ಕಡಿಮಿ ಆತು."

ಅಕ್ಕ ಪಾಸಾದಳು. ಮುಂದಿನ ಸೆಮಿಸ್ಟರಿನ ಪುಸ್ತಕ ತಂದಾಗ ಮಾವ ಕೈ ಚಾಚಿದರೂ ಅದನ್ನು ನನ್ನ ಮುಂದೆಯೇ ಇಟ್ಟಳು. ಕತ್ತರಿಸುವವನಿಗೆ ಮಾತು ಎಲ್ಲಿ ಮುಗಿಯುತ್ತದೆ ಎಂದು ಗೊತ್ತಿರಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು. ಅಧ್ಯಾಯದ ಕೊನೆ ಹುಡುಕುತ್ತ ಆ ದಿನ ಇಪ್ಪತ್ತು ಪುಟ ಓದಿಬಿಟ್ಟೆ.