ಅಕ್ಕ ಬಿಸಿಲಿಗಿಟ್ಟ ಸೆಲ್ಲುಗಳು

ಮೊನ್ನೆ ನಮ್ಮ ತಾರಸಿಗೆ ಸೋಲಾರ್ ಕೂರಿಸಲು ಬಂದವನು ಮೆಟ್ಟಿಲ ಕೆಳಗೆ ಬ್ಯಾಟರಿ ಇಟ್ಟು, "ಹಗಲಿನ ಬಿಸ್ಲು ರಾತ್ರಿಗೂ ಉಳೀತದೆ ಅಮ್ಮ" ಎಂದು ಲೋಕಕ್ಕೇ ಹೊಸದನ್ನು ಹೇಳುವವನಂತೆ ಹೇಳಿದ. ನನಗೆ ರೇಗಿತು. ಅರವತ್ತರ ದಶಕದ ಕೊನೆಯಲ್ಲೇ ಅಕ್ಕಿಹೆಬ್ಬಾಳಿನ ನಮ್ಮ ಹಿತ್ತಲಲ್ಲಿ ಅಕ್ಕ ಆ ಕೆಲಸ ಮಾಡುತ್ತಿದ್ದಳು.

ಅಕ್ಕನನ್ನು ನಾಗಮಂಗಲದ ಕಡೆಗೆ ಕೊಟ್ಟಿದ್ದರು. ಮದುವೆಯಾದ ಎರಡನೇ ವರ್ಷವೇ ಭಾವ ಜ್ವರ ಬಂದು ತೀರಿಕೊಂಡರು. ಅಕ್ಕ ಒಂದು ಟ್ರಂಕು, ಒಂದು ಟ್ರಾನ್ಸಿಸ್ಟರ್ ಹಿಡಿದುಕೊಂಡು ತವರಿಗೆ ಬಂದಳು. ಟ್ರಾನ್ಸಿಸ್ಟರ್ ಭಾವ ಮೈಸೂರಿನಿಂದ ತಂದುಕೊಟ್ಟದ್ದು. ಸಂಜೆ ಅವರು ಹೊಲದಿಂದ ಬಂದ ಮೇಲೆ ಇಬ್ಬರೂ ಕೂತು ಹಾಡು ಕೇಳುತ್ತಿದ್ದರಂತೆ.

"ಆಡು ಬರೋ ಒತ್ನಲ್ಲಿ ಅವ್ರು ಪಕ್ದಲ್ಲೇ ಕುಂತವ್ರೆ ಅನ್ನುಸ್ತದೆ ಕಣೇ" ಎಂದು ನನ್ನ ಹತ್ತಿರ ಮಾತ್ರ ಹೇಳಿದ್ದಳು.

ಅಕ್ಕ ಹಾಡು ಕೇಳುವುದನ್ನು ಅಜ್ಜಿ ಸಹಿಸಲಿಲ್ಲ. "ಗಂಡ ಓಗಿ ವರ್ಸ ತುಂಬಿಲ್ಲ, ಆಗ್ಲೇ ಆಡು ಕೇಳ್ತಾವ್ಳೆ. ಜನ ಏನಂದಾರು?" ಎಂದಳು. ಅಪ್ಪ ತಾಯಿಯ ಮಾತು ಮೀರುವ ಗಂಡಸಲ್ಲ. ಕೇಳಬೇಡ ಎಂದು ಅಕ್ಕನಿಗೆ ಹೇಳಲಿಲ್ಲ. ಹೊಸ ಸೆಲ್ಲು ತರುವುದನ್ನು ನಿಲ್ಲಿಸಿಬಿಟ್ಟ, ಅಷ್ಟೆ. ಈ ಥರದ ಒಳ್ಳೆಯತನ ನಮ್ಮ ಮನೆಯಲ್ಲಿ ಬೇಕಾದಷ್ಟಿತ್ತು.

ಸೋತ ಸೆಲ್ಲನ್ನು ಬಿಸಿಲಿಗಿಟ್ಟರೆ ಸ್ವಲ್ಪ ಜೀವ ಬರುತ್ತದೆ. ಊರವರೆಲ್ಲ ಟಾರ್ಚಿನ ಸೆಲ್ಲಿಗೆ ಹಾಗೆ ಮಾಡುತ್ತಿದ್ದರು. ಅಕ್ಕನೂ ಮೆಣಸಿನಕಾಯಿ ಒಣಗಿಸುವ ಮೊರದಲ್ಲಿ ಸೆಲ್ಲುಗಳನ್ನು ಸೇರಿಸಿ ಹಿತ್ತಲಲ್ಲಿ ಇಡತೊಡಗಿದಳು. ಸಂಜೆಗೆ ಒಂದೋ ಎರಡೋ ಹಾಡು ಸಿಗುತ್ತಿತ್ತು, ಕಿವಿಗೆ ಒತ್ತಿಕೊಂಡರೆ ಕೇಳುವಷ್ಟು.

ಮೊರಕ್ಕೆ ಕೋಳಿ ಬಾಯಿ ಹಾಕದಂತೆ ಕೋಲು ಹಿಡಿದು ಕೂರುತ್ತಿದ್ದವಳು ಅಜ್ಜಿಯೇ. ಸೆಲ್ಲು ಅವಳಿಗೆ ಕಾಣದೆ ಇದ್ದೀತೆ? ಒಂದು ದಿನ ನೆರಳು ಬಂದಾಗ ಅವಳೇ ಮೊರವನ್ನು ಬಿಸಿಲಿಗೆ ಎಳೆದು, "ಮೆಣ್ಸಿನ್ಕಾಯಿ ಒಣುಗ್ಬೇಕಲ್ಲ" ಎಂದಳು. ಮೊರದಲ್ಲಿ ಆವತ್ತು ಒಂದು ಹಿಡಿ ಮೆಣಸಿನಕಾಯಿಯೂ ಇರಲಿಲ್ಲ. ಅಜ್ಜಿಯೂ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡವಳು ಎಂಬುದು ನನಗೆ ಆಗ ನೆನಪಾಯಿತು.

ಆಮೇಲೆ ಜಡಿಮಳೆ ಹಿಡಿಯಿತು. ಬಿಸಿಲಿಲ್ಲ, ಹಾಡಿಲ್ಲ. ಅಕ್ಕ ಊಟ ಬಿಟ್ಟು ಮೂಲೆ ಸೇರಿದಳು. ನೋಡಿ ನೋಡಿ ಅಜ್ಜಿ ಅಪ್ಪನ ಮೇಲೆ ಹರಿಹಾಯ್ದಳು: "ಪ್ಯಾಟೆಗ್ ಓಗಿ ಸೆಲ್ ತಕಬಾರ್ಲಾ. ಜನ ಏನಾರ ಅಂದ್ಕಳ್ಲಿ."

ಅಪ್ಪ ನೆನೆಯುತ್ತ ಕೆ.ಆರ್. ಪೇಟೆಗೆ ಹೋಗಿ ತಂದ. ಅಕ್ಕ ರೇಡಿಯೋದ ಮುಚ್ಚಳ ತೆಗೆದಳು. ಒಳಗೇ ಉಳಿದಿದ್ದ ಹಳೇ ಸೆಲ್ಲುಗಳು ಒಸರಿ ತಂತಿಯನ್ನೆಲ್ಲ ತಿಂದುಹಾಕಿದ್ದವು. ಒರೆಸಿ ಹೊಸದು ಹಾಕಿ ಗುಂಡಿ ತಿರುಗಿಸಿದಳು. ಗೊರ್ ಎಂದೂ ಅನ್ನಲಿಲ್ಲ. ಒಳಗಿನ ಕಿಲುಬು ಅಜ್ಜಿಯ ಮಂದ ಕಣ್ಣಿಗೆ ಕಾಣಲಿಲ್ಲ.

ಮಳೆ ಬಿಟ್ಟ ದಿನ ನಾನೂ ಅಕ್ಕನೂ ಹಿತ್ತಲಿಗೆ ಹೋದರೆ, ಅಜ್ಜಿ ಆ ಹೊಸ ಸೆಲ್ಲುಗಳನ್ನು ಮೊರದಲ್ಲಿ ಸಾಲಾಗಿ ಇಟ್ಟುಕೊಂಡು ಕೂತಿದ್ದಳು.

"ಇವಿನ್ನೂ ಬಿಸ್ಲೇ ಕಂಡಿಲ್ಲ, ಅದ್ಕೇ ಆಡ್ತಿಲ್ಲ. ಸಂಜೆಗೆ ಸರೋಯ್ತದೆ, ಸುಮ್ಕಿರವ್ವ."

ರೇಡಿಯೋ ಕೆಟ್ಟಿದೆ ಎಂದು ಅಕ್ಕ ಹೇಳಲಿಲ್ಲ. ತವರಿಗೆ ಬಂದಾಗಿನಿಂದ ನಮ್ಮೆದುರು ಒಮ್ಮೆಯೂ ಅಳದಿದ್ದವಳು ಅಜ್ಜಿಯ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅಜ್ಜಿ ಒಂದು ಕೈಯಲ್ಲಿ ಅವಳ ತಲೆ ಸವರುತ್ತ, ಇನ್ನೊಂದು ಕೈಯಲ್ಲಿ ಮೊರವನ್ನು ಬಿಸಿಲಿಗೆ ಎಳೆದುಕೊಳ್ಳುತ್ತಿದ್ದಳು.