ಹೊಸ ಕಂಪ್ಯೂಟರಿನಲ್ಲಿ ತೆರೆದ ಗಿಣಿ ಅಂಚು

ನಾನು ಅಜ್ಜಿಯಾದೆ! ಪಾವಗಡದ ಆಸ್ಪತ್ರೆಯಲ್ಲಿ, ಬೆಳಕು ಹರಿಯುವ ಹೊತ್ತಿಗೆ, ನನ್ನ ಸೊಸೆ ಹೆಣ್ಣುಮಗು ಹೆತ್ತಳು. ತಲೆತುಂಬ ಕೂದಲು, ಮುಷ್ಟಿಯಂಥ ಮುಖ. ಇದು ಮೂರು ವರ್ಷದ ಹಿಂದಿನ ಸುದ್ದಿ, ಗೊತ್ತು. ಆದರೂ ಏನು ಬರೆಯಲು ಕೂತರೂ ನನ್ನ ಕೈ ಮೊದಲು ಇದನ್ನೇ ಬರೆಯುತ್ತದೆ.

ಅದೇ ದಿನ ಮಧ್ಯಾಹ್ನ ವೈ.ಎನ್.ಹೊಸಕೋಟೆಯ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳಬೇಕಾಗಿದೆ. ದೆವ್ವ, ಮಾಟ ಎಂದವರನ್ನು ನಗಾಡಿ ಕಳಿಸಿದವಳು ನಾನು. ಬೇರೆಯವರು ಇದನ್ನು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ. ನೀವೂ ನಂಬಬೇಕಾಗಿಲ್ಲ.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಚೊಚ್ಚಲ ಮೊಮ್ಮಗುವಿನ ತೊಟ್ಟಿಲಿಗೆ ಮನೆಯ ಮಗ್ಗದಲ್ಲೇ ಗಿಣಿ ಅಂಚಿನ ಬಟ್ಟೆ ನೇಯುವುದು ನಮ್ಮ ಪದ್ಧತಿ. ಆ ಅಂಚನ್ನು ಬರೆದವಳು ನಾನೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟರೂ, ಹಳೆಯ ಕಂಪ್ಯೂಟರಿನಲ್ಲಿ ಒಂದೊಂದೇ ಚುಕ್ಕಿ ಇಟ್ಟು ಐದು ಗಿಣಿಗಳನ್ನು ಕೂರಿಸಿದ್ದೆ. ಅದನ್ನು ನೋಡಿ ತೂತು ಹೊಡೆಸಿ ಮಗ್ಗಕ್ಕೆ ಏರಿಸಿದ್ದ ರಟ್ಟುಗಳನ್ನು ಗೆದ್ದಲು ತಿಂದಿತ್ತು. ಹಳೆಯ ಕಂಪ್ಯೂಟರ್ ಸತ್ತಿತ್ತು. ಅದರಲ್ಲಿದ್ದುದನ್ನೆಲ್ಲ ಮಗ ನಾಗರಾಜ ಹೊಸದಕ್ಕೆ ತುಂಬಿಸಿಟ್ಟಿದ್ದ. ಹನ್ನೊಂದನೆಯ ದಿನ ನಾಮಕರಣ. ರಟ್ಟು ಹೊಡೆಸಲು ಎರಡು ದಿನ, ನೇಯಲು ಒಂದು ವಾರ. ಅಂದೇ ಗಿಣಿ ಸಿಗಬೇಕಿತ್ತು.

ಆ ಹೊಸ ಕಂಪ್ಯೂಟರಿನ ಸೊಕ್ಕನ್ನು ಏನೆಂದು ಹೇಳಲಿ! ಹಚ್ಚಿದರೆ ಬೆಟ್ಟ, ಕೆರೆ ತೋರಿಸುತ್ತದೆ. ಅದರೊಳಗೆ ತೆರೆಯುವ ಕಿಟಕಿಗಳ ಮೂಲೆಯೆಲ್ಲ ದುಂಡಗೆ, ಗಾಜಿನಂತೆ ಹೊಳೆಯುತ್ತವೆ. ನನ್ನ ಗಿಣಿ ತೆರೆ ಎಂದರೆ ಮಾತ್ರ, ಈ ಪ್ರೋಗ್ರಾಂ ಇಲ್ಲಿ ನಡೆಯುವುದಿಲ್ಲ ಎಂದು ಒಂದೇ ಸಾಲು. ಮೈತುಂಬ ಒಡವೆ ಹೇರಿಕೊಂಡು ಬಂದು ಒಂದು ಬಿಂದಿಗೆ ನೀರೂ ಎತ್ತದ ನೆಂಟರವಳ ಹಾಗೆ.

ಮಧುಗಿರಿಯಿಂದ ರಿಪೇರಿಯವನನ್ನು ಕರೆಸಿದೆವು. ಹೊಸ ಕಂಪ್ಯೂಟರಿಗೆ ನೀನು ಹಳೆಯದು ಎಂದು ನಂಬಿಸುವ ಉಪಾಯವಿದೆಯಂತೆ. ಅದನ್ನೂ ಮಾಡಿದ, ತಾರೀಖು ಹಿಂದಕ್ಕೆ ತಿರುಗಿಸಿದ. ಜಗ್ಗಲಿಲ್ಲ.

"ಹಳೇ ಸಾಫ್ಟ್‌ವೇರು ಕಣಮ್ಮ, ಓಡಲ್ಲ. ಹೊಸದು ಹಾಕುಸ್ಕೊಂಡು ಗಿಣೀನ ಮತ್ತೆ ಬರ್ಕೊಂಬುಡಿ" ಎಂದ.

ನನಗೆ ಉರಿದುಹೋಯಿತು. "ಬರ್ಕೊಂಬುಡಿ ಅಂತೀಯಲ್ಲಪ್ಪ, ನಾಲ್ಕು ತಿಂಗಳು ಕಣ್ಣು ಕಿತ್ಕೊಂಡು ಬರ್ದಿವ್ನಿ! ನಮ್ಮ ಮಾವನೋರ ಕಾಲದ ಮಗ್ಗ ಅದು, ನೆನ್ನೆ ತಂದ ನೂಲು ಹಾಕಿದ್ರೂ ನೇಯ್ತದೆ. ನಿನ್ ಮಿಷನ್ಗೆ ಏನು ಬಂದಿರೋದು?"

ಪಾಪ, ಅವನು ನಕ್ಕು ಎದ್ದುಹೋದ. ನಾಗರಾಜ ಅವನನ್ನು ಬಸ್ಸಿಗೆ ಬಿಡಲು ಹೋದ. ಯಜಮಾನರು ಒಳಗೆ ಮಗ್ಗದ ಮುಂದೆ ಕೂತಿದ್ದರು. ನಾನು ಕಂಪ್ಯೂಟರಿನ ಎದುರು ನಿಂತು, ಮೊಮ್ಮಗಳು ಹುಟ್ಟಿದ ದಿನ ಆಡಬಾರದ ಮಾತುಗಳನ್ನೆಲ್ಲ ಆಡಿದೆ. ನನ್ನ ಎರಡು ಕೈಯೂ ಸೊಂಟದ ಮೇಲಿದ್ದವು. ಏನನ್ನೂ ಮುಟ್ಟಲಿಲ್ಲ. ದೇವರಾಣೆಗೂ ಮುಟ್ಟಲಿಲ್ಲ.

ಬೆಟ್ಟ ಕೆರೆ ಮಾಯವಾದವು. ಬೂದಿ ಬಣ್ಣದ, ಚೌಕ ಮೂಲೆಗಳ ನನ್ನ ಹಳೆಯ ಕಿಟಕಿ ಎದುರಿಗೆ ಬಂತು. ಅದರಲ್ಲಿ ಐದು ಗಿಣಿ.

ನಾನು ಕೂಗಿದ ಕೂಗಿಗೆ ಯಜಮಾನರು ಓಡಿಬಂದರು. ಅಷ್ಟರಲ್ಲಿ ನಾಗರಾಜನೂ ಬಂದ. ಚುಕ್ಕಿ ಪಟವನ್ನು ಪ್ರಿಂಟು ತೆಗೆದ. ಕಾಗದ ಪೂರ್ತಿ ಹೊರಗೆ ಬಂದ ಮೇಲೆ ಕಿಟಕಿ ತಾನೇ ಮುಚ್ಚಿಕೊಂಡಿತು. ಮತ್ತೆ ತೆರೆಯಲು ಹೋದರೆ ಅದೇ ಹಾಳು ಸಾಲು.

"ಅವ್ವಾ, ಐದನೇ ಗಿಣಿಗೆ ಕಣ್ಣೇ ಇಲ್ವಲ್ಲ" ಎಂದ ನಾಗರಾಜ.

ಕಾಗದ ಕಿತ್ತುಕೊಂಡು ನೋಡಿದೆ. ಬಟ್ಟೆಗೆ ದೃಷ್ಟಿ ತಾಕಬಾರದೆಂದು ಒಂದು ಗಿಣಿಗೆ ಕಣ್ಣು ಇಡದೆ ಬಿಡುವುದು ತೀರಿಹೋದ ನಮ್ಮ ಅತ್ತೆಯವರ ಕಟ್ಟಳೆ. ನಾನು ಬರೆಯುವಾಗ ಮರೆತು ಐದಕ್ಕೂ ಕಣ್ಣಿಟ್ಟಿದ್ದೆ. ಅದಕ್ಕೆ ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಅದೇ ಪಟದಿಂದ ಆಗ ನೇಯ್ದ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ನೋಡಿದೆವು. ಐದು ಗಿಣಿ, ಐದು ಕಣ್ಣು. ರಿಪೇರಿಯವನಿಗೆ ಫೋನು ಮಾಡಿದರೆ, "ಫೈಲು ಕೆಟ್ಟಿರ್ತದೆ ಬುಡಮ್ಮ" ಎಂದ. ಕೆಟ್ಟರೆ ಎಲ್ಲ ಕಡೆ ಕೆಡಬೇಕಪ್ಪ! ಸಾವಿರಾರು ಚುಕ್ಕಿಯಲ್ಲಿ ಆ ಒಂದೇ ಕಣ್ಣು ಹೇಗೆ ಕೆಡುತ್ತದೆ? ಇಂದಿನವರೆಗೂ ಆ ಪ್ರೋಗ್ರಾಂ ಮತ್ತೆ ಒಂದು ಸಲವೂ ತೆರೆದಿಲ್ಲ.

ಸಂಜೆ ಬುತ್ತಿ ಕಟ್ಟಿಕೊಂಡು, ಪಟವನ್ನೂ ಹಿಡಿದು ಎಲ್ಲರೂ ಆಸ್ಪತ್ರೆಗೆ ಹೋದೆವು. ಪಟ ನೋಡಿ, ನಡೆದದ್ದು ಕೇಳಿ ಬೀಗಿತಿ, "ಅಯ್ಯೋ ವದಿನಾ, ನಿಮ್ಮ ಬಾಯಿಗೆ ಹೆದ್ರಿ ತೆರ್ಕೊಂಡಿರ್ತದೆ" ಎಂದು ನಕ್ಕರು. ನಾನು ಪೆನ್ನು ತೆಗೆದು, ಆ ಕಣ್ಣು ಇಡಲೋ ಬೇಡವೋ ಎಂದು ಸೊಸೆಯನ್ನು ಕೇಳಿದೆ. ಅವಳು ಮಗುವಿನ ಮುಖ ನೋಡಿದಳು, ಪಟ ನೋಡಿದಳು.

"ಬ್ಯಾಡ ಅತ್ತೆ. ಇಂಗೇ ನೇಯ್ರಿ" ಎಂದಳು.

ಪೆನ್ನು ಮುಚ್ಚಿಟ್ಟೆ. ಸೊಸೆಯ ಮಂಚದ ಸುತ್ತ ಚಾಪೆ ಹಾಸಿ ಮುದ್ದೆ, ಹುರುಳಿ ಸಾರು ಬಡಿಸಿದೆವು. ಅವಳಿಗೆ ಮೆಣಸಿನ ಸಾರು, ಬಿಸಿ ಅನ್ನ. ಬೀಗರು, ಯಜಮಾನರು, ನಾಗರಾಜ, ಎಲ್ಲರೂ ಒಟ್ಟಿಗೆ ಕೂತು ಉಂಡೆವು. ನಾನು ಒಂದೇ ಕೈಯಲ್ಲಿ ಮುದ್ದೆ ಮುರಿದು ನುಂಗಿದೆ. ಇನ್ನೊಂದು ಕೈ ತುಂಬ ಮೊಮ್ಮಗಳಿದ್ದಳು.