ಅಪ್ಪನ ಕಡೆಯ ಬೂಷ್ಟು

ಕಚೇರಿಯಲ್ಲಿ ಎಲ್ಲರೂ ಅವಳನ್ನು ಬೂಷ್ಟಕ್ಕ ಎಂದೇ ಕರೆಯುತ್ತಿದ್ದರು. ಬ್ರೆಡ್ಡಿಗೆ ಬೂಷ್ಟು ಹಿಡಿದರೆ ಬೇರೆಯವರು ಎಸೆಯುತ್ತಾರೆ. ಅವಳಿಗೆ ಅದನ್ನು ಸಾಕುವುದಕ್ಕೇ ಸಂಬಳ. ಪ್ರಯೋಗಾಲಯದ ಗಾಜಿನ ತಟ್ಟೆಗಳಲ್ಲಿ ಕಿತ್ತಳೆ ಬಣ್ಣದ ಬೂಷ್ಟು ನೋಡನೋಡುತ್ತಲೇ ಅಂಚು ಮುಟ್ಟುತ್ತಿತ್ತು. ಒಂದು ತಳಿ ಮಾತ್ರ ನಿಧಾನದಲ್ಲಿ ಆಮೆಗೂ ಅಣ್ಣ. ಅವಳಿಗೆ ಅದರ ಮೇಲೇ ಮಮತೆ.

ಮನೆಯಲ್ಲೂ ಅಂಥದೊಂದಿತ್ತು. ಮಗಳು ಒಂದು ಲೋಟ ಹಾಲು ಮುಗಿಸುವಷ್ಟರಲ್ಲಿ ಬೆಳಗು ಮಧ್ಯಾಹ್ನವಾಗುತ್ತಿತ್ತು. "ನೂಲಿನಂತೆ ಸೀರೆ, ತಾಯಿಯಂತೆ ಮಗಳು," ಎಂದು ಅತ್ತೆ ಗೋಡೆಗೆ ಹೇಳುತ್ತಿದ್ದರು. ಗೋಡೆಯ ಪಕ್ಕದಲ್ಲಿ ಸೊಸೆ ನಿಂತಿರುತ್ತಿದ್ದಳು.

ಆಮೆ ತಳಿಯ ನಿಧಾನಕ್ಕೆ ಕಾರಣ ಅದರ ಮೈಟೊಕಾಂಡ್ರಿಯಾ. ಜೀವಕೋಶಕ್ಕೆ ಶಕ್ತಿ ಒದಗಿಸುವ ಈ ಪುಟ್ಟ ಒಲೆಗಳಿಗೆ ತಮ್ಮದೇ ಡಿಎನ್‌ಎ ಇರುತ್ತದೆ. ಅದರಲ್ಲೊಂದು ತುಣುಕು ಕೆಟ್ಟಿತ್ತು. ಅದು ಮಕ್ಕಳಿಗೆ ಯಾರಿಂದ ಹೋಗುತ್ತದೆಂದು ನೋಡಲು ಅವಳು ಆಮೆಗೂ ಚುರುಕು ತಳಿಗೂ ಮದುವೆ ಮಾಡಿಸಿದಳು. ಈ ಬೂಷ್ಟಿನಲ್ಲಿ ಯಾರು ಬೇಕಾದರೂ ತಾಯಿಯಾಗಬಹುದು. ತಟ್ಟೆಯಲ್ಲಿ ಮೊದಲು ಬೆಳೆದು ಕೂತದ್ದು ತಾಯಿ, ಆಮೇಲೆ ಮೇಲಿಂದ ಉದುರಿಸಿದ್ದು ತಂದೆ.

ಆಮೆ ತಾಯಿಯಾದಾಗ ಮಕ್ಕಳೆಲ್ಲ ತೆವಳಿದವು. ಆಮೆ ತಂದೆಯಾದಾಗ ಮಕ್ಕಳೆಲ್ಲ ಓಡಿದವು. ಮಿಕ್ಕ ಗುಣಗಳು ಇಬ್ಬರಿಂದಲೂ ಬಂದಿದ್ದವು. ಒಲೆ ಮಾತ್ರ ತಾಯಿಯದೇ.

"ಏನು ಗೊತ್ತಾಯ್ತು?" ಊಟಕ್ಕೆ ಕೂತ ಗಂಡ ಕೇಳಿದ.

"ನಿಧಾನ ತಾಯಿ ಕಡೆಯಿಂದ ಬರುತ್ತೆ."

ಅತ್ತೆ ಇನ್ನೊಂದು ಸಲ ಬಡಿಸಿಕೊಂಡರು.

ಕೆಲವು ದಿನಗಳ ಮೇಲೆ, ಓಡುವ ಮಕ್ಕಳ ನಡುವೆ ಒಂದು ತೆವಳುತ್ತಿರುವುದು ಅವಳ ಕಣ್ಣಿಗೆ ಬಿತ್ತು.

"ಬೇರೆ ತಟ್ಟೆಯಿಂದ ಹಾರಿ ಬಂದಿರುತ್ತೆ. ಎಸೀರಿ ಅತ್ಲಾಗೆ," ಎಂದರು ಮೇಲಧಿಕಾರಿ.

"ಎಸೆಯೋದು ಇದ್ದೇ ಇದೆ ಸಾರ್. ನೋಡಿ ಎಸೀತೀನಿ."

ನೋಡಿದಳು. ಮಿಕ್ಕ ಗುಣಗಳಲ್ಲಿ ಅದು ಆ ತಂದೆ ತಾಯಿಯ ಮಗುವೇ. ಒಲೆಯ ಡಿಎನ್‌ಎ ಮಾತ್ರ ತಂದೆಯದು. ಮೇಲಧಿಕಾರಿ ಕನ್ನಡಕ ಒರೆಸಿ, ಮತ್ತೊಮ್ಮೆ ಪರೀಕ್ಷಿಸಲು ಹೇಳಿದರು. ಮತ್ತೊಮ್ಮೆಯೂ ಅದೇ ಬಂತು. ಅಪರೂಪಕ್ಕೊಮ್ಮೆ ತಂದೆಯ ಒಲೆಯೂ ನುಸುಳಿಬಿಡುತ್ತದೆ.

"ಸರಿ, ಪ್ರಬಂಧ ಬರೀರಿ. ನಿಮ್ಮ ಹೆಸರೇ ಮೊದಲಿರಲಿ," ಎಂದರು. ಅವಳು ಸಾಮಾನು ಕೋಣೆಗೆ ಹೋಗಿ ಸ್ವಲ್ಪ ಅತ್ತು, ಮುಖ ತೊಳೆದು ಬಂದಳು.

ಸುದ್ದಿ ಕೇಳಿ ಅತ್ತೆ ಒಳಗೆ ಇಣುಕಿ ನೋಡಿದರು. ಒಳಕೋಣೆಯಲ್ಲಿ ಅವರ ಮಗ ಊಟವಾದಾಗಿನಿಂದ ಕಾಲುಚೀಲದ ಜೋಡಿ ಹುಡುಕುತ್ತಿದ್ದ.

"ಮನುಷ್ಯರಲ್ಲೂ ಹೀಗೇನಾ?"

"ನನ್ನದು ಬೂಷ್ಟಿನ ಕೆಲಸ ಅತ್ತೆ. ಮನುಷ್ಯರ ವಿಷಯ ನನಗೆ ಗೊತ್ತಿಲ್ಲ."

ಮರುದಿನ ಅತ್ತೆ ತಾವಾಗಿಯೇ ಪ್ರಯೋಗಾಲಯಕ್ಕೆ ಬಂದರು. ತಟ್ಟೆಯನ್ನು ಬೆಳಕಿಗೆ ಹಿಡಿಸಿ ನೋಡಿದರು.

"ಇದೇನಾ? ಪಾಪ, ಬೆಳೀಲಿ ಬಿಡಮ್ಮ. ಅದಕ್ಕೇನು ಅವಸರ?"

ಆಮೇಲೆ, ಇಲ್ಲಿ ಕ್ಯಾಂಟೀನ್ ಎಲ್ಲಿದೆ ಎಂದು ಕೇಳಿದರು.